ಬ್ಯಾಂಡ್ ಸೆಟ್‌ನವರ ಬಾಕಿ

ತರಗತಿಯಲ್ಲಿ ಯಾರಾದರೂ ಡೆಸ್ಕ್ ಬಡಿದರೆ "ಯಾಕಪ್ಪಾ, ಬ್ಯಾಂಡ್ ಸೆಟ್‌ಗೆ ಸೇರ್ತೀಯಾ?" ಅನ್ನುವುದು ನಮ್ಮಲ್ಲಿ ಮಾಮೂಲು ತಮಾಷೆ. ಟೆಸ್ಟ್‌ನಲ್ಲಿ ಕಡಿಮೆ ಅಂಕ ಬಂದವರಿಗೂ ಇದೇ ಮಾತು. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಯಾಕೆಂದರೆ ನಾನು ಸೇರಿ ಆಗಲೇ ವರ್ಷದ ಮೇಲಾಯಿತು. ಭಾನುವಾರ ಮತ್ತು ರಜೆಯ ದಿನ ಮದುವೆ ಮೆರವಣಿಗೆಗಳಲ್ಲಿ ಸೈಡ್ ಡ್ರಮ್ ಬಾರಿಸುತ್ತೇನೆ. ಕೆಂಪು ಕೋಟು, ಹಳದಿ ಪಟ್ಟಿ, ತಲೆಗೆ ಟೋಪಿ, ಎಲ್ಲ ಇದೆ. ನಮ್ಮ ಕಾಲೇಜಿನ ಕೆಲವರು ರಸ್ತೆಯಲ್ಲಿ ನನ್ನನ್ನು ನೋಡಿ ವಿಡಿಯೋ ತೆಗೆದು ಸ್ಟೇಟಸ್‌ಗೆ ಹಾಕಿದ್ದೂ ಆಗಿದೆ. ಅದಕ್ಕೆ ನನಗೆ ಬೇಜಾರಿಲ್ಲ. ವಿಡಿಯೋದಲ್ಲಿ ಡ್ರಮ್ ಚೆನ್ನಾಗಿಯೇ ಕೇಳಿಸುತ್ತಿತ್ತು.

ನಾನು ಬರೆಯುತ್ತಿರುವುದು ಬೇರೆ ವಿಷಯ, ಬ್ಯಾಂಡ್‌ನವರ ಕೂಲಿಯ ವಿಷಯ. ಮದುವೆ ಮನೆಯಲ್ಲಿ ಶಾಮಿಯಾನದವರು, ಅಡುಗೆಯವರು, ಫೋಟೋದವರು ಎಲ್ಲರ ಲೆಕ್ಕ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿರುವವರು ಬ್ಯಾಂಡ್‌ನವರು. ಒಪ್ಪಿಕೊಂಡ ಹಣದಲ್ಲಿ ಏನಾದರೂ ಮುರಿದುಕೊಳ್ಳುವುದಿದ್ದರೆ ಅದೂ ಅವರದ್ದರಲ್ಲೇ. ಇದು ನಿಲ್ಲಬೇಕು ಎನ್ನುವುದು ನನ್ನ ಅಭಿಪ್ರಾಯ. ಸರ್ಕಾರಕ್ಕೆ ಮನವಿ ಕೊಡುವಷ್ಟು ದೊಡ್ಡ ಮಾತಲ್ಲ ಇದು. ಈ ವರ್ಷ ಮನೆಯಲ್ಲಿ ಅಕ್ಕನದೋ ಅಣ್ಣನದೋ ಮದುವೆ ಇಟ್ಟುಕೊಂಡವರು ನಮ್ಮ ತರಗತಿಯಲ್ಲೇ ಇದ್ದಾರೆ, ಅವರು ಓದಿದರೆ ಸಾಕು.

ಮೊದಲು ನಮ್ಮ ಸೆಟ್‌ನ ಪರಿಚಯ ಹೇಳುತ್ತೇನೆ. ದಾವಣಗೆರೆಯಲ್ಲಿ ಅದನ್ನು ನಡೆಸುವವರು ನನ್ನ ಮಾಮು, ಅಂದರೆ ಅಮ್ಮಿಯ ಅಣ್ಣ. ಅವರಿಗಿಂತ ಮುಂಚೆ ನಾನಾ ನಡೆಸುತ್ತಿದ್ದರು. ಮಾಮು ಕ್ಲಾರಿನೆಟ್ ಊದುತ್ತಾರೆ, ಎಲ್ಲರೂ ಅವರನ್ನು ಮಾಸ್ಟರ್ ಅನ್ನುತ್ತಾರೆ. ಅವರನ್ನು ಬಿಟ್ಟು ಹನ್ನೊಂದು ಜನ. ಟ್ರಂಪೆಟ್ ಮೂವರು, ಯುಫೋನಿಯಂ ಇಬ್ಬರು, ನನ್ನನ್ನು ಸೇರಿಸಿ ಡ್ರಮ್‌ಗೆ ಮೂವರು, ತಾಳ, ಗಿಲಕಿ ಅಂತ ಸಣ್ಣ ವಾದ್ಯಗಳಿಗೆ ಇನ್ನು ಮೂವರು. ಇವರಲ್ಲಿ ಯಾರಿಗೂ ಬ್ಯಾಂಡ್ ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಒಬ್ಬರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ, ಇಬ್ಬರು ಆಟೋ ಓಡಿಸುತ್ತಾರೆ, ಒಬ್ಬರು ಮನೆಗಳಿಗೆ ಬಣ್ಣ ಹೊಡೆಯುತ್ತಾರೆ. ದೊಡ್ಡ ಡ್ರಮ್ ಹೊರುವ ಅಣ್ಣ ಹರಿಹರದಿಂದ ಬರುತ್ತಾರೆ, ಅವರ ಅಪ್ಪ ಊರ ಜಾತ್ರೆಯಲ್ಲಿ ಹಲಗೆ ಬಾರಿಸುತ್ತಿದ್ದವರು. ಅವರ ಕೈ ನಮ್ಮೆಲ್ಲರಿಗಿಂತ ಗಟ್ಟಿ. ನನಗೆ ಕಡ್ಡಿ ಹಿಡಿಯುವುದನ್ನು ಕಲಿಸಿದ್ದು ಮಾಮು ಅಲ್ಲ, ಅವರೇ.

ಮನೆಯಲ್ಲಿ ಕುಳಿತು ಬಾರಿಸುವುದು ಬೇರೆ, ಮೆರವಣಿಗೆಯಲ್ಲಿ ನಡೆಯುತ್ತಾ ಬಾರಿಸುವುದು ಬೇರೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡುವವರಿಗೆ ಬ್ಯಾಂಡ್ ಅಂದರೆ ಬರೀ ಗದ್ದಲ. ಟ್ರಂಪೆಟ್‌ನ ಬಾಯಿ ಮುಂದಕ್ಕೆ ಇರುತ್ತದೆ, ಅದರ ಸದ್ದೂ ಮುಂದಕ್ಕೇ ಹೋಗುತ್ತದೆ. ಡ್ರಮ್‌ನವರು ಹಿಂದಿನ ಸಾಲಿನಲ್ಲಿ ಇರುತ್ತೇವೆ. ಪಿ.ಬಿ. ರಸ್ತೆಯಂಥ ಅಗಲವಾದ ರಸ್ತೆಯಲ್ಲಿ ನಮಗೆ ಹಾಡು ಅರ್ಧಂಬರ್ಧ ಕೇಳಿಸುತ್ತದೆ, ಮಿಕ್ಕಿದ್ದನ್ನು ಲಾರಿ ಹಾರ್ನ್ ನುಂಗಿಬಿಡುತ್ತದೆ. ಅಲ್ಲಿಂದ ಗಲ್ಲಿಯೊಳಗೆ ತಿರುಗಿದರೆ ಇನ್ನೊಂದು ಕಷ್ಟ. ಎರಡೂ ಕಡೆ ಗೋಡೆ, ಒಂದು ಪೆಟ್ಟು ಹಾಕಿದರೆ ಎರಡು ಕೇಳಿಸುತ್ತದೆ. ನಮ್ಮದು ಯಾವುದು, ಗೋಡೆಯದು ಯಾವುದು ಗೊತ್ತಾಗುವುದಿಲ್ಲ. ಅಂಥ ಕಡೆ ಕಿವಿಯನ್ನು ನಂಬಿದರೆ ತಾಳ ಹೋಯಿತು ಅಂತಲೇ ಲೆಕ್ಕ. ಮಾಸ್ಟರ್ ಭುಜ ನೋಡಬೇಕು. ಮಾಮು ಉಸಿರು ತೆಗೆದುಕೊಳ್ಳುವಾಗ ಅವರ ಭುಜ ಏಳುತ್ತದೆ, ಇಳಿಯುವ ಹೊತ್ತಿಗೆ ನಮ್ಮ ಪೆಟ್ಟು ಬೀಳಬೇಕು. ಕೈ ಮುಷ್ಟಿ ಮಾಡಿ ಮೇಲೆತ್ತಿದರೆ ನಿಲ್ಲಿಸಬೇಕು, ಒಂದು ಬೆರಳು ತೋರಿಸಿದರೆ ಪಲ್ಲವಿಗೆ ವಾಪಸ್ ಹೋಗಬೇಕು. ಇದನ್ನೆಲ್ಲ ಎಲ್ಲೂ ಬರೆದಿಟ್ಟಿಲ್ಲ.

ನನ್ನ ಮೊದಲ ಮೆರವಣಿಗೆ ಮಲೇಬೆನ್ನೂರಿನ ಕಡೆ ಒಂದು ಹಳ್ಳಿಯಲ್ಲಿ. ದೇವಸ್ಥಾನದಿಂದ ಕಲ್ಯಾಣ ಮಂಟಪಕ್ಕೆ ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಅದನ್ನು ಮುಟ್ಟಲು ನಮಗೆ ಎರಡು ಗಂಟೆ ಬೇಕಾಯಿತು. ಕುಣಿಯುವವರು ಮುಂದೆ ಹೋಗುವುದಿಲ್ಲ, ಹಿಂದಕ್ಕೆ ಬರುತ್ತಾರೆ. ಒಂದೇ ಹಾಡನ್ನು ಆರು ಸಲ ಕೇಳುತ್ತಾರೆ, ಪ್ರತಿ ಸಲವೂ ಹೋದ ಸಲಕ್ಕಿಂತ ಜೋರು ಬೇಕು ಅನ್ನುತ್ತಾರೆ. ಟ್ರಂಪೆಟ್‌ನವರು ಊದುವುದು ಬಾಯಿಯ ಗಾಳಿಯಿಂದ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ತುಟಿಯ ಕೆಲಸ. ತುಟಿ ನಡುಗಿದರೆ ಮಾತ್ರ ಸ್ವರ ಬರುತ್ತದೆ, ಎರಡು ಗಂಟೆ ಆದ ಮೇಲೆ ತುಟಿ ಬಾತು ಮರಗಟ್ಟುತ್ತದೆ. ಅದಕ್ಕೇ ಮೂವರು ಬೇಕು, ಒಬ್ಬರು ತುಟಿಗೆ ವಿಶ್ರಾಂತಿ ಕೊಡುವಾಗ ಇನ್ನಿಬ್ಬರು ಹಾಡು ಎಳೆಯುತ್ತಾರೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ನನಗೆ ಅವತ್ತು ಭುಜದ ಮೇಲೆ ಡ್ರಮ್‌ನ ಪಟ್ಟಿ ಕೊರೆದು ಚರ್ಮ ಕೆಂಪಾಗಿತ್ತು. ಆದರೂ ಒಂದು ಹಂತದಲ್ಲಿ, ಹಳ್ಳಿಯ ಬಸ್‌ಸ್ಟ್ಯಾಂಡ್ ತಿರುವಿನಲ್ಲಿ ಇರಬೇಕು, ಹನ್ನೆರಡು ಜನರ ಹೆಜ್ಜೆಯೂ ಪೆಟ್ಟೂ ಒಂದೇ ಕಡೆ ಬಿದ್ದವು. ಯಾರೂ ಯಾರನ್ನೂ ನೋಡಬೇಕಾಗಿರಲಿಲ್ಲ. ಅರ್ಧ ನಿಮಿಷ ಇದ್ದಿರಬಹುದು. ಅದಾದ ಮೇಲೆ ಯಾರೋ ಅಂಕಲ್ ಟ್ರಂಪೆಟ್‌ನವರ ಮೂಗಿನ ಮುಂದೆ ಹತ್ತು ರೂಪಾಯಿ ನೋಟು ಆಡಿಸುತ್ತಾ ಬೇರೆ ಹಾಡು ಬೇಕೆಂದರು, ಅಲ್ಲಿಗೆ ಮುಗಿಯಿತು.

ಬ್ಯಾಂಡ್‌ನವರಿಗೆ ಬಾರಿಸುವಷ್ಟೇ ಮುಖ್ಯವಾದ ಕೆಲಸ ನಿಲ್ಲಿಸುವುದು. ಮಸೀದಿ ಮುಂದೆ ನಮಾಜಿನ ಹೊತ್ತಾದರೆ ನಿಲ್ಲಿಸಬೇಕು, ಆಸ್ಪತ್ರೆ ಮುಂದೆ ನಿಲ್ಲಿಸಬೇಕು, ಎದುರಿಗೆ ಶವ ಬಂದರೆ ಟೋಪಿ ತೆಗೆದು ರಸ್ತೆ ಪಕ್ಕಕ್ಕೆ ಸರಿಯಬೇಕು. ಗಣೇಶ ವಿಸರ್ಜನೆ ಮೆರವಣಿಗೆಗೂ ನಮ್ಮ ಸೆಟ್ ಹೋಗುತ್ತದೆ. ಯಾವ ಓಣಿಯಲ್ಲಿ ಯಾವ ಹಾಡು ಬೇಡ, ಯಾವ ತಿರುವಿನಲ್ಲಿ ಬರೀ ತಾಳ ಹಾಕಿಕೊಂಡು ದಾಟಬೇಕು ಅನ್ನುವುದು ಮಾಮುಗೆ ಗೊತ್ತು. ಮುಂದೆ ಕುಣಿಯುವ ಹುಡುಗರಿಗೆ ಇದು ತಿಳಿಯುವುದಿಲ್ಲ, ಪೊಲೀಸರಿಗೆ ತಿಳಿಯುತ್ತದೆ. ಒಮ್ಮೆ ಒಬ್ಬ ಪೇದೆ ನಮ್ಮ ಮಾಮುಗೆ ಸಲಾಂ ಹೊಡೆದು ಚಹಾ ಕೊಡಿಸಿದ್ದನ್ನು ನಾನೇ ನೋಡಿದ್ದೇನೆ. ರಾತ್ರಿ ಹತ್ತಾದರೆ ಮಾತ್ರ ಅದೇ ಪೊಲೀಸರು ಬೈಯುವುದೂ ಮಾಸ್ಟರ್‌ನನ್ನೇ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಸದ್ದು ಮಾಡುವಂತಿಲ್ಲ. ಇನ್ನೊಂದು ಹಾಡು ಅಂತ ಹಟ ಹಿಡಿದ ಗಂಡಿನ ಗೆಳೆಯರು ಆ ಹೊತ್ತಿಗೆ ಎಲ್ಲಿರುತ್ತಾರೋ ಗೊತ್ತಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ನಾನು ಕಾಮರ್ಸ್ ತೆಗೆದುಕೊಂಡಿದ್ದೇನೆ ಅಂತ ಗೊತ್ತಾದ ದಿನದಿಂದ ಮಾಮು ತಮ್ಮ ನೋಟ್‌ಬುಕ್ಕನ್ನು ನನ್ನ ಕೈಗೆ ಹಾಕಿದ್ದಾರೆ. ಅದರಲ್ಲಿ ಉರ್ದು ಲಿಪಿಯಲ್ಲಿ ಹೆಸರುಗಳು, ಇಂಗ್ಲಿಷ್ ಅಂಕಿಯಲ್ಲಿ ಮೊತ್ತ, ಊರಿನ ಹೆಸರು ಕನ್ನಡದಲ್ಲಿ. ಒಂದು ಮದುವೆಯ ಪುಟ ಹೀಗಿದೆ. ಒಪ್ಪಿಕೊಂಡ ಮೊತ್ತ 12,000 ರೂಪಾಯಿ, ಮುಂಗಡ 2,000. ಮೂವರು ಟ್ರಂಪೆಟ್‌ನವರಿಗೆ ತಲಾ 900, ಇಬ್ಬರು ಯುಫೋನಿಯಂನವರಿಗೆ ತಲಾ 800, ಡ್ರಮ್‌ನ ಮೂವರಿಗೆ ತಲಾ 700, ಉಳಿದ ಮೂವರಿಗೆ ತಲಾ 500. ಕೂಡಿದರೆ 7,900. ಟೆಂಪೋ ಬಾಡಿಗೆ 1,500. ಕೋಟುಗಳನ್ನು ಒಗೆಸಿ ಇಸ್ತ್ರಿ ಮಾಡಿಸುವುದು, ಹರಿದ ಡ್ರಮ್ ಹಾಳೆ, ಟ್ರಂಪೆಟ್ ಕೀಲಿಗೆ ಹಾಕುವ ಎಣ್ಣೆ, ಇವಕ್ಕೆಲ್ಲ 600. ಒಟ್ಟು ಖರ್ಚು 10,000. ಮಾಮುಗೆ ಉಳಿಯಬೇಕಾದ್ದು 2,000. ಇದರಲ್ಲೇ ಅವರ ಕ್ಲಾರಿನೆಟ್ ಕೂಲಿ, ಅಂಗಡಿ ಬಾಡಿಗೆ, ವಾದ್ಯಗಳ ಸವಕಳಿ ಎಲ್ಲ ಬರಬೇಕು. ಸವಕಳಿ ಎನ್ನುವ ಪದವನ್ನು ನಾನು ಅವರಿಗೆ ವಿವರಿಸಿದಾಗ "ನಮ್ದು ತುಟಿನೂ ಸವೀತದಲ್ಲ, ಅದ್ನ ಯಾವ ಕಾಲಂನಾಗ ಬರೀತಿ?" ಅಂದರು.

ಅವತ್ತು ಮದುವೆ ಮುಗಿದು ಲೆಕ್ಕ ಕೇಳಲು ಹೋದಾಗ ಆ ಮನೆಯವರು ಕೊಟ್ಟಿದ್ದು 8,000. ಮುಂಗಡ ಸೇರಿ 10,000 ಆಯಿತು. "ಸಾಕು ಬಿಡಿ, ನಮ್ಮ ಹುಡುಗರು ನೋಟು ಕೊಟ್ಟಿಲ್ವಾ ನಿಮಗೆ?" ಅಂದರು. ಮುರಿದುಕೊಂಡದ್ದು 2,000, ಅಂದರೆ ಮಾಮು ಆ ದಿನ ಪೂರ್ತಿ ಪುಕ್ಕಟೆ ಊದಿದ ಹಾಗೆ. ಆಟಗಾರರಿಗೆ (ಬಾರಿಸುವವರನ್ನು ನಾವು ಹಾಗೇ ಅನ್ನುವುದು) ಅವರು ಒಂದು ರೂಪಾಯಿಯನ್ನೂ ಕಡಿಮೆ ಮಾಡಲಿಲ್ಲ. ಕಡಿಮೆ ಮಾಡಿದರೆ ಮುಂದಿನ ಮದುವೆಗೆ ಅವರು ಬೇರೆ ಸೆಟ್‌ಗೆ ಹೋಗುತ್ತಾರೆ. ಇನ್ನು ಆ ನೋಟುಗಳ ವಿಷಯ. ಮದುಮಗನ ತಲೆಗೆ ನಿವಾಳಿಸಿ ಬ್ಯಾಂಡ್‌ನವರ ಕೈಗೆ ಕೊಡುವ ಹತ್ತು, ಇಪ್ಪತ್ತರ ನೋಟುಗಳನ್ನು ತಾಳ ಹಾಕುವ ಹುಡುಗ ಟೋಪಿಯಲ್ಲಿ ಇಟ್ಟುಕೊಳ್ಳುತ್ತಾನೆ, ಕೊನೆಗೆ ಎಲ್ಲರಿಗೂ ಸಮ ಹಂಚುತ್ತಾರೆ. ಅದು ಸಂತೋಷಕ್ಕೆ ಕೊಟ್ಟಿದ್ದು. ಅದನ್ನು ಕೂಲಿಯಲ್ಲಿ ಮುರಿದುಕೊಳ್ಳುವುದು ಯಾವ ಲೆಕ್ಕಶಾಸ್ತ್ರದಲ್ಲೂ ಇಲ್ಲ. ಹೋಟೆಲಿನಲ್ಲಿ ಸಪ್ಲೈಯರ್‌ಗೆ ಟಿಪ್ಸ್ ಕೊಟ್ಟೆವು ಅಂತ ಬಿಲ್‌ನಲ್ಲಿ ಕಡಿಮೆ ಕೊಡುತ್ತೇವೆಯೇ?

ನಾವು ಅಕೌಂಟೆನ್ಸಿಯಲ್ಲಿ 1932ರ ಪಾಲುದಾರಿಕೆ ಕಾಯ್ದೆ ಓದುತ್ತೇವಲ್ಲ, ಒಪ್ಪಂದ ಪತ್ರ ಇಲ್ಲದಿದ್ದರೆ ಲಾಭ ಸಮಪಾಲು, ಸಂಬಳ ಇಲ್ಲ, ಬಂಡವಾಳಕ್ಕೆ ಬಡ್ಡಿ ಇಲ್ಲ, ಪಾಲುದಾರ ಕೊಟ್ಟ ಸಾಲಕ್ಕೆ ಮಾತ್ರ ವರ್ಷಕ್ಕೆ 6% ಬಡ್ಡಿ. ಪರೀಕ್ಷೆಗೆ ಬರುವ ಮಾತು ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನಾಲ್ವರು ಅಣ್ಣತಮ್ಮಂದಿರು ವಾದ್ಯ ಕೂಡಿ ಕೊಂಡು ನಡೆಸುವ ಸೆಟ್‌ಗಳು ನಮ್ಮ ಕಡೆ ಇವೆ. ಅವರಲ್ಲಿ ಪತ್ರವೂ ಇಲ್ಲ, ನೋಂದಣಿಯೂ ಇಲ್ಲ. ನೋಂದಣಿ ಆಗದ ಪಾಲುದಾರಿಕೆ ಸಂಸ್ಥೆ ಹೊರಗಿನವರಿಂದ ಬರಬೇಕಾದ ಬಾಕಿಗೆ ಕೋರ್ಟಿನಲ್ಲಿ ದಾವೆ ಹೂಡಲು ಆಗುವುದಿಲ್ಲ ಅನ್ನುವುದು ಅದೇ ಕಾಯ್ದೆಯ 69ನೇ ಕಲಂ. ಮಾಮುದು ಏಕವ್ಯಕ್ತಿ ವ್ಯಾಪಾರ, ಅವರಿಗೆ ಆ ಅಡ್ಡಿ ಇಲ್ಲ. ಆದರೆ 2,000 ರೂಪಾಯಿಗೆ ವಕೀಲರನ್ನು ಹಿಡಿಯುವವರು ಯಾರು? ಕೊಡದವರಿಗೂ ಇದು ಚೆನ್ನಾಗಿ ಗೊತ್ತು. ಮಾಮು ನೋಟ್‌ಬುಕ್ಕಿನಲ್ಲಿ ಇಂಥವನ್ನೆಲ್ಲ ಒಂದು ಪುಟದಲ್ಲಿ ಬೇರೆ ಬರೆದಿಟ್ಟಿದ್ದಾರೆ. ನಮ್ಮ ಪುಸ್ತಕದ ಪ್ರಕಾರ ಅವು ವಸೂಲಾಗದ ಸಾಲ, ಲಾಭ ನಷ್ಟದ ಖಾತೆಗೆ ಹಾಕಿ ಮುಗಿಸಬೇಕು. ಅವರು ಮುಗಿಸುವುದಿಲ್ಲ. ನಾನಾ ಕಾಲದ ಒಂದು ಬಾಕಿ 350 ರೂಪಾಯಿ ಇನ್ನೂ ಅಲ್ಲೇ ಇದೆ, ಕೊಡಬೇಕಾದವರು ತೀರಿಕೊಂಡಿದ್ದಾರೆ.

ಇದನ್ನು ನಮ್ಮ ಕಾಲೇಜಿನಲ್ಲಿ ಯಾಕೆ ಹೇಳಬೇಕು ಅಂತ ಕೇಳಬಹುದು. ಒಂದು ಕಾರಣ ಇದೆ. ಹೋದ ವರ್ಷ ಒಬ್ಬ ಸೀನಿಯರ್ ಭಾಯಿ ನನ್ನನ್ನು ಪಕ್ಕಕ್ಕೆ ಕರೆದು "ಯೇ ಬಾಜೆ ಕಾ ಪೈಸಾ ಜಾಯಿಜ್ ಹೈ ಕ್ಯಾ ರೇ?" ಅಂತ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ವಾದ್ಯದ ವಿಷಯದಲ್ಲಿ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯ ಇರುವುದು ಎಲ್ಲರಿಗೂ ಗೊತ್ತು, ನಮ್ಮ ಮನೆಯಲ್ಲೇ ಇದೆ. ಅಮ್ಮಿಯ ಅಪ್ಪ ಬ್ಯಾಂಡ್ ಮಾಸ್ಟರ್, ಅಬ್ಬಾ ಕಡೆಯ ದಾದಿ ಮನೆಯಲ್ಲಿ ರೇಡಿಯೋದ ಹಾಡೂ ಹಾಕಿಸುತ್ತಿರಲಿಲ್ಲ. ಹದಿನೇಳು ವರ್ಷದ ನಾನು ಅದನ್ನು ತೀರ್ಮಾನ ಮಾಡುವವನಲ್ಲ. ನಮ್ಮ ಮೊಹಲ್ಲಾದ ಹಜರತ್ ಹತ್ತಿರ ಹೋಗಿ ಕೇಳಿದೆ. ಅವರು ಸುತ್ತುಬಳಸಿ ಮಾತಾಡಲಿಲ್ಲ. ನನ್ನನ್ನು ಕೇಳಿದರೆ ಬಿಟ್ಟುಬಿಡು ಅನ್ನುತ್ತೇನೆ, ಓದು ಮುಗಿಸಿ ಬೇರೆ ಕೆಲಸ ನೋಡಿಕೋ ಅಂದರು. ಆಮೇಲೆ ನಾನು ಆ 2,000 ರೂಪಾಯಿಯ ವಿಷಯ ಹೇಳಿದೆ. ಅದು ಬೇರೆ ಲೆಕ್ಕ ಅಂದರು. ಕರೆಸಿ ದುಡಿಸಿಕೊಂಡ ಮೇಲೆ ಕೂಲಿ ಇಟ್ಟುಕೊಂಡವನು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ, ಬಾರಿಸಿದ್ದು ಸರಿಯೋ ತಪ್ಪೋ ಅಂತ ಆಗ ನೆಪ ಹೇಳುವ ಹಾಗಿಲ್ಲ ಅಂದರು.

ನೆಪದ ಮಾತು ಯಾಕೆ ಬಂತೆಂದರೆ, ಆ ನೆಪವನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಮ್ಮವರದೇ ಒಂದು ಮದುವೆ. ಸಂಜೆಯಿಡೀ ಬಾರಿಸಿದೆವು, ಮದುಮಗನ ಕುದುರೆ ಮುಂದೆ ಚಾಚಾಗಳೆಲ್ಲ ಕುಣಿದರು. ಲೆಕ್ಕದ ಹೊತ್ತಿಗೆ ಒಬ್ಬರು ಹಿರಿಯರು "ಇದು ಹೇಗಿದ್ರೂ ಹರಾಮ್ ದುಡ್ಡು, ಜಾಸ್ತಿ ತಗೊಂಡು ಏನ್ ಮಾಡ್ತೀರಿ" ಅಂತ ನಗುತ್ತಾ 1,000 ಹಿಡಿದುಕೊಂಡರು. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಬೇಕೆಂಬ ಹದೀಸ್ ನಮಗೆ ಮದರಸಾದಿಂದಲೂ ಗೊತ್ತು, ಮನೆಯಲ್ಲೂ ಗೊತ್ತು. ವಾದ್ಯ ಬೇಡ ಅನ್ನುವವರು ಕರೆಸುವುದೇ ಬೇಡ, ಅದು ಅವರ ನಿಯಮ, ಅದಕ್ಕೆ ನನ್ನ ಗೌರವ ಇದೆ. ದಾದಿ ಹಾಗೇ ಇದ್ದರು, ಅಬ್ಬಾ ನಿಕಾಹ್‌ಗೆ ಒಂದು ತಮಟೆಯೂ ಬರಲಿಲ್ಲ, ನಾನಾಗೆ ಅದರಿಂದ ಬೇಸರವಾದರೂ ಒಪ್ಪಿಕೊಂಡರು. ನನಗೆ ಅರ್ಥವಾಗದಿರುವುದು ಕುಣಿಯುವವರೆಗೆ ಜಾಯಿಜ್ ಆಗಿದ್ದು ಜೇಬಿಗೆ ಕೈ ಹಾಕುವಾಗ ಹರಾಮ್ ಆಗುವುದು.

ಬರೀ ನಮ್ಮವರ ದೂರು ಹೇಳಿದ ಹಾಗಾಯಿತು. 2,000 ಹಿಡಿದುಕೊಂಡ ಮನೆ ನಮ್ಮವರದಲ್ಲ. ಈ ವಿಷಯದಲ್ಲಿ ಎಲ್ಲರೂ ಒಂದೇ. ಊಟದ ವಿಷಯದಲ್ಲೂ ಒಂದೇ. ಬಹಳ ಕಡೆ ಬ್ಯಾಂಡ್‌ನವರಿಗೆ ಕೊನೆಯ ಪಂಕ್ತಿಯಲ್ಲೂ ಎಲೆ ಇರುವುದಿಲ್ಲ, ಪೊಟ್ಟಣ ಕಟ್ಟಿ ಟೆಂಪೋಗೆ ಕಳಿಸುತ್ತಾರೆ. ವಲೀಮಾಗಳಲ್ಲಿ ದಸ್ತರ್‌ಖಾನ್ ಸುತ್ತಿದ ಮೇಲೆ ನಮ್ಮನ್ನು ಕರೆಯುತ್ತಾರೆ, ಆಗ ಬಿರಿಯಾನಿಯ ಡೇಗದಲ್ಲಿ ಅನ್ನ ಇರುತ್ತದೆ, ತುಂಡು ಇರುವುದಿಲ್ಲ. (ಇದನ್ನು ಓದಿ ನಗಬೇಡಿ. ನಾಲ್ಕು ಗಂಟೆ ಡ್ರಮ್ ಹೊತ್ತ ಮೇಲೆ ತುಂಡಿನ ಬೆಲೆ ಗೊತ್ತಾಗುತ್ತದೆ.) ಬೇರೆ ತರಹದವರೂ ಇದ್ದಾರೆ. 2024ರಲ್ಲೂ 2025ರಲ್ಲೂ ರಂಜಾನ್ ಮಾರ್ಚ್ ತಿಂಗಳಲ್ಲೇ ಬಂತು. ನಮ್ಮವರ ಮದುವೆಗಳು ಆ ತಿಂಗಳು ಇರುವುದಿಲ್ಲ, ಹಿಂದೂಗಳ ಮದುವೆಗಳು ಇರುತ್ತವೆ. ರೋಜಾ ಇಟ್ಟುಕೊಂಡು ದಾವಣಗೆರೆಯ ಬಿಸಿಲಲ್ಲಿ ಕೋಟು ಹಾಕಿ ಟ್ರಂಪೆಟ್ ಊದುವುದು ಹೇಗಿರುತ್ತದೆ ಅಂತ ನೀವೇ ಯೋಚಿಸಿ, ನಾಲಿಗೆಯಲ್ಲಿ ನೀರಿಲ್ಲದಿದ್ದರೆ ತುಟಿ ನಡುಗುವುದೇ ಇಲ್ಲ. ಈ ಸಲ ಚನ್ನಗಿರಿ ಕಡೆಯ ಒಂದು ಬೀಗರ ದಿಬ್ಬಣದಲ್ಲಿ ನಾವು ಯಾರೂ ನೀರು ಮುಟ್ಟದಿರುವುದನ್ನು ಹೆಣ್ಣಿನ ಮನೆಯ ಅಜ್ಜಿಯೊಬ್ಬರು ಗಮನಿಸಿದ್ದರಂತೆ. ಆರೂವರೆ ಸುಮಾರಿಗೆ ಮೆರವಣಿಗೆಯನ್ನೇ ನಿಲ್ಲಿಸಿಬಿಟ್ಟರು. "ಬಾರ್ಸೋರು ಮೊದ್ಲು ಬಾಯಿಗೆ ನೀರ್ ಹಾಕ್ಲಿ, ಗಂಡು ಎಲ್ಲಿಗೂ ಓಡಿ ಹೋಗಲ್ಲ" ಅಂದರು. ಬಾಳೆಹಣ್ಣು, ಮಜ್ಜಿಗೆ ಬಂತು. ಗಂಡು ಅಲಂಕಾರ ಮಾಡಿದ ಕಾರಿನಲ್ಲಿ ಕುಳಿತು ಕಾಯುತ್ತಿದ್ದ, ಅವನಿಗೂ ಒಂದು ಲೋಟ ಮಜ್ಜಿಗೆ ಹೋಯಿತು. ಆ ಮನೆಯವರು ಬಾಕಿಯನ್ನು ಮೆರವಣಿಗೆ ಮಂಟಪ ಮುಟ್ಟಿದ ಕೂಡಲೇ ಕೊಟ್ಟರು.

ಮದುವೆಗಳ ಈ ಕ್ಯಾಲೆಂಡರ್ ಬ್ಯಾಂಡ್‌ನವರಿಗೆ ದೊಡ್ಡ ತಲೆನೋವು. ಆಷಾಢದಲ್ಲಿ ಹಿಂದೂಗಳ ಮದುವೆ ಇಲ್ಲ. ರಂಜಾನಿನಲ್ಲಿ, ಮೊಹರಂನಲ್ಲಿ ನಮ್ಮವರು ಇಟ್ಟುಕೊಳ್ಳುವುದಿಲ್ಲ. ಆಷಾಢ ಪ್ರತಿ ವರ್ಷ ಜೂನ್ ಜುಲೈ ಬಿಟ್ಟು ಹೆಚ್ಚು ಸರಿಯುವುದಿಲ್ಲ, ನಮ್ಮ ತಿಂಗಳುಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಬರುತ್ತವೆ. 2025ರಲ್ಲಿ ಮೊಹರಂ ಆಷಾಢಕ್ಕೇ ಬಂದು ಕೂತಿತು. ಅಂಥ ವರ್ಷ ಸೆಟ್‌ಗೆ ಒಂದು ತಿಂಗಳು ಪೂರ್ತಿ ಕೆಲಸ ಇರುವುದಿಲ್ಲ. ಆ ಖಾಲಿ ತಿಂಗಳಲ್ಲಿ 2,000 ರೂಪಾಯಿ ಅಂದರೆ ಒಂದು ಮನೆಯ ರೇಷನ್.

ಬ್ಯಾಂಡ್ ಬಿಟ್ಟು ಡಿಜೆ ಹಾಕಿಸುವ ಕಾಲ ಬಂದಿದೆ, ಇನ್ನು ಈ ಚರ್ಚೆ ಯಾಕೆ ಅಂತ ಒಬ್ಬ ಗೆಳೆಯ ಕೇಳಿದ. ನಾನು ಡಿಜೆ ವಿರುದ್ಧ ಇಲ್ಲ. ಡಿಜೆ ಗಾಡಿಯ ಹುಡುಗರೂ ನಮ್ಮ ಮೊಹಲ್ಲಾದವರೇ, ಜನರೇಟರ್ ಪಕ್ಕ ಮಲಗುವವರು, ಅವರ ಬಾಕಿಯ ಕಥೆಯೂ ಇದೇ. ಆದರೆ ಬ್ಯಾಂಡ್ ಅಂದರೆ ಹಿಂದುಳಿದವರ ಕಸುಬು ಅಂತ ನಗುವವರಿಗೆ ಒಂದೆರಡು ವಿಷಯ ಗೊತ್ತಿರಲಿ. ಪಟಾಲಂಗಳ ಬ್ಯಾಂಡಿನಿಂದ ಇಳಿದು ಬಂದ ವಾದ್ಯ ಇದು. ಮೀರತ್‌ನಲ್ಲಿ 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ದೇಶಕ್ಕೆಲ್ಲ ಹಿತ್ತಾಳೆ ವಾದ್ಯ ಮಾಡಿ ಕಳಿಸಿದೆ. ಮೈಸೂರು ಅರಮನೆಗೆ ತನ್ನದೇ ಬ್ಯಾಂಡ್ ಇತ್ತು, ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್ ಕೇಳಿ ಮರುಳಾದದ್ದು ಆ ಬ್ಯಾಂಡಿನಲ್ಲೇ. ಮದುವೆ ಮನೆಯ ವಾದ್ಯವಾಗಿದ್ದ ಶಹನಾಯಿಯನ್ನು ಹಿಡಿದ ಬಿಸ್ಮಿಲ್ಲಾ ಖಾನ್‌ರಿಗೆ 2001ರಲ್ಲಿ ಭಾರತ ರತ್ನ ಬಂತು. ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದವರು ಅಬ್ದುಲ್ ಕರೀಂ ಖಾನ್, ಸವಾಯಿ ಗಂಧರ್ವರಿಂದ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಕ್ವಿಜ್ ಸ್ಪರ್ಧೆಯಲ್ಲಿ ಈ ಹೆಸರುಗಳಿಗೆ ಅಂಕ ಕೊಡುತ್ತೇವೆ. ನಮ್ಮ ಸೆಟ್‌ನ ಟ್ರಂಪೆಟ್ ಚಾಚಾ ಅವರ ಸಮಕ್ಕೆ ಇದ್ದಾರೆ ಅಂತ ನಾನು ಹೇಳುವುದಿಲ್ಲ, ಅವರೇ ಬೈದಾರು. ಬಾಕಿ ಕೇಳಲು ಗೇಟಿನ ಹೊರಗೆ ಒಂದು ಗಂಟೆ ನಿಲ್ಲಿಸುವಷ್ಟು ಕಡಿಮೆಯವರಂತೂ ಅಲ್ಲ.

ಅಮ್ಮಿಗೆ ನಾನು ಬ್ಯಾಂಡ್‌ಗೆ ಹೋಗುವುದು ಇಷ್ಟವಿಲ್ಲ, ಅದನ್ನೂ ಇಲ್ಲೇ ಬರೆದುಬಿಡುತ್ತೇನೆ. "ಪಡ್‌ನಾ ನಕ್ಕೋ ಕ್ಯಾ ತುಜೆ?" ಅಂತ ವಾರಕ್ಕೊಮ್ಮೆ ಕೇಳುತ್ತಾರೆ. ಅವರದು ಧರ್ಮದ ಪ್ರಶ್ನೆಯಲ್ಲ. ಅಪ್ಪ ಬಾಕಿ ವಸೂಲಿಗೆ ಮನೆ ಮನೆ ಅಲೆಯುವುದನ್ನು ನೋಡಿ ಬೆಳೆದವರು, ಮಗನೂ ಅದೇ ಅಲೆಯುವುದು ಬೇಡ ಅಂತ. ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಡ್ರಮ್ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ.

ಮಾಮುಗಾಗಿ ನಾನು ಒಂದು ಬುಕಿಂಗ್ ರಸೀದಿ ಪುಸ್ತಕ ತಯಾರು ಮಾಡಿದ್ದೇನೆ. ಒಂದು ಪುಟಕ್ಕೆ ಎರಡು ಪ್ರತಿ, ನಡುವೆ ಕಾರ್ಬನ್. ಒಪ್ಪಿದ ಮೊತ್ತ, ಮುಂಗಡ, ಶುರುವಾಗುವ ಮತ್ತು ಮುಗಿಯುವ ಗಂಟೆ ಬರೆಯುತ್ತೇವೆ. ಗಂಟೆ ಮೀರಿದರೆ ಹೆಚ್ಚು ಹಣ ಎಷ್ಟು ಅನ್ನುವುದು ಇರುತ್ತದೆ. ಬಾಕಿಯನ್ನು ಮೆರವಣಿಗೆ ಮುಗಿದ ಜಾಗದಲ್ಲೇ ಕೊಡಬೇಕು, ನಿವಾಳಿಸಿದ ನೋಟು ಲೆಕ್ಕಕ್ಕೆ ಬರುವುದಿಲ್ಲ, ಹನ್ನೆರಡು ಜನರಿಗೆ ಊಟ ಇದೆಯೋ ಇಲ್ಲವೋ ಮೊದಲೇ ಹೇಳಬೇಕು. ಕೆಳಗೆ ಇಬ್ಬರ ಸಹಿ. ಮಾಮು ಮೊದಲು ಒಪ್ಪಲಿಲ್ಲ, ಸಹಿ ಕೇಳಿದರೆ ಗಿರಾಕಿ ಓಡಿ ಹೋಗುತ್ತಾರೆ ಅಂದರು. ಇಲ್ಲಿಯವರೆಗೆ ಐದು ಬುಕಿಂಗ್ ಅದರಲ್ಲಿ ಆಗಿದೆ, ಒಬ್ಬರು ಓಡಿ ಹೋದರು, ನಾಲ್ವರು ಸಹಿ ಹಾಕಿದರು. ನಾಲ್ವರಲ್ಲಿ ಮೂವರು ಬಾಕಿಯನ್ನು ಅಲ್ಲೇ ಕೊಟ್ಟರು. ನಾಲ್ಕನೆಯದು ಶ್ರಾವಣದ ಮದುವೆ, ಇನ್ನೂ ಆಗಬೇಕು.

ನಮ್ಮ ವಾಣಿಜ್ಯ ವಿಭಾಗದ ಗೆಳೆಯರಲ್ಲಿ ಇದನ್ನೇ ಕೇಳಿಕೊಳ್ಳುತ್ತೇನೆ. ನಿಮ್ಮ ಓಣಿಯಲ್ಲಿ ಬ್ಯಾಂಡ್‌ನವರು, ಶಾಮಿಯಾನದವರು, ಮೆಹಂದಿ ಹಾಕುವ ಅಕ್ಕಂದಿರು, ಡೇಗ್ ಹಚ್ಚುವ ಅಡುಗೆಯವರು ಯಾರಾದರೂ ಇದ್ದರೆ ಅವರಿಗೂ ಇಂಥ ಪುಸ್ತಕ ಬರೆದುಕೊಡಿ. ಒಂದು ಸಂಜೆಯ ಕೆಲಸ. ನನ್ನ ನಮೂನೆ ಕನ್ನಡದಲ್ಲೂ ಉರ್ದುವಿನಲ್ಲೂ ಇದೆ, ಉರ್ದು ಅಕ್ಷರ ಚೆನ್ನಾಗಿರುವ ತಂಗಿ ಬರೆದದ್ದು. ಬೇಕಾದವರು ಊಟದ ಬಿಡುವಿನಲ್ಲಿ ಲೈಬ್ರರಿ ಹೊರಗಿನ ಬೆಂಚಿನ ಹತ್ತಿರ ಬನ್ನಿ. ಜೆರಾಕ್ಸ್ ಖರ್ಚು ಪುಟಕ್ಕೆ ಎರಡು ರೂಪಾಯಿ, ಅದನ್ನು ಮಾತ್ರ ಅಲ್ಲೇ ಕೊಟ್ಟುಬಿಡಿ.